ಜೂನಿನಲ್ಲಿ ಅಕ್ರಾ: ಮಳೆಗಿಂತ ಗಟರಿಗೆ ಹೆದರಿ

ಪ್ರಶ್ನೆ: ನಾವು ಉಡುಪಿ ಕಡೆಯವರು. ನನ್ನ ಗಂಡನಿಗೆ ಜೂನ್ ಎರಡನೇ ವಾರದಿಂದ ಮೂರು ವಾರ ಘಾನಾದ ಅಕ್ರಾದಲ್ಲಿ ಆಫೀಸ್ ಕೆಲಸ ಉಂಟು. ನಾನೂ ಒಂಬತ್ತು ವರ್ಷದ ಮಗಳೂ ಜೊತೆಗೆ ಹೋಗುದು ಅಂತ ಯೋಚನೆ. ಆದ್ರೆ ಯಾರ ಹತ್ರ ಕೇಳಿದ್ರೂ ಜೂನ್ ಅಲ್ಲಿ ಮಳೆಗಾಲ, ನೆರೆ ಬರ್ತದೆ, ಹೋಗ್ಬೇಡಿ ಅಂತಾರೆ. ಮಳೆ ನಮಗೆ ಹೊಸದಾ ಹೇಳಿ? ಆದ್ರೂ ಕೇಳುದು, ಹೋಗಬಹುದಾ? ಎಲ್ಲಿ ಉಳಿಯುದು, ಎಂತ ನೋಡುದು, ಮಲೇರಿಯಾ ಭಯ ಎಷ್ಟು, ಸಸ್ಯಾಹಾರ ಸಿಗ್ತದಾ? ಮತ್ತೆ ಮಗಳಿಗೆ ಸೊನ್ನೆ ಡಿಗ್ರಿ ರೇಖಾಂಶ ನೋಡ್ಬೇಕಂತೆ, ಟೆಮಾದಲ್ಲಿ ಉಂಟಂತೆ, ಹೌದಾ?

ಉತ್ತರ: ಹೋಗಿ, ಧಾರಾಳವಾಗಿ ಹೋಗಿ. ಆದ್ರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಉಂಟಲ್ಲ, "ಮಳೆ ನಮಗೆ ಹೊಸದಾ" ಅಂತ, ನನಗೆ ಹೆದರಿಕೆ ಆದದ್ದು ಅದನ್ನು ಓದಿಯೇ. ನಾನು ಕಾರ್ಕಳದವ, ಗೇರುಬೀಜದ ವ್ಯಾಪಾರಕ್ಕೆ ಅಂತ ಹೋಗಿ ಅಕ್ರಾದಲ್ಲಿ ಒಂಬತ್ತು ಮಳೆಗಾಲ ಕಳೆದವ, ಮತ್ತು ಮೊದಲನೇ ಮಳೆಗಾಲದಲ್ಲಿ ಇದೇ ಮಾತನ್ನು ನಾನೂ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದವ. ನಮ್ಮ ಕಡೆಯವರಿಗೆ ಮಳೆ ಬಗ್ಗೆ ಒಂದು ಸಣ್ಣ ಅಹಂಕಾರ ಇರ್ತದೆ ಮಾರಾಯ್ರೆ, ಆಗುಂಬೆ ನೋಡಿದವರಿಗೆ ಇದೆಂತ ಮಳೆ ಅಂತ. ಅಕ್ರಾದಲ್ಲಿ ಆ ಅಹಂಕಾರವೇ ಕಾಲಿಗೆ ತೊಡರುದು.

ಮೊದಲು ಲೆಕ್ಕ ನೋಡಿ. ಉಡುಪಿಗೆ ವರ್ಷಕ್ಕೆ 4,000 ಮಿಲಿಮೀಟರ್ ಮೇಲೆಯೇ ಬೀಳ್ತದೆ. ಅಕ್ರಾಕ್ಕೆ ಇಡೀ ವರ್ಷಕ್ಕೆ ಸುಮಾರು 800. ಅಂದ್ರೆ ನಮ್ಮಲ್ಲಿ ಜೂನ್ ಒಂದೇ ತಿಂಗಳಲ್ಲಿ ಸುರಿಯುವಷ್ಟು ಸಹ ಅಲ್ಲಿ ಹನ್ನೆರಡು ತಿಂಗಳಲ್ಲಿ ಬೀಳುದಿಲ್ಲ, ಬೆಂಗಳೂರಿಗಿಂತಲೂ ಕಡಿಮೆ. ಪಶ್ಚಿಮ ಆಫ್ರಿಕಾ ಅಂದ ಕೂಡ್ಲೆ ದಟ್ಟ ಕಾಡು, ದಿನವಿಡೀ ಜಡಿಮಳೆ ಅಂತ ಎಲ್ಲರ ತಲೆಯಲ್ಲಿ ಉಂಟು, ಅದು ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೋ ಲೈಬೀರಿಯಾದ ಮನ್ರೋವಿಯಾಕ್ಕೋ ಸರಿ, ಅಲ್ಲಿಯದು ನಮ್ಮ ಕರಾವಳಿಯ ಹಾಗೆಯೇ ಸುರಿಯುವ ಮಳೆ. ಅಕ್ರಾ ಇರುವ ಕರಾವಳಿ ತುಂಡು ಆ ಸಾಲಿನಲ್ಲಿ ಒಂದು ಒಣ ಕಿಂಡಿ. ಅಲ್ಲಿ ಕಡಲ ತೀರ ಗಾಳಿಗೆ ಎದುರು ನಿಲ್ಲುದಿಲ್ಲ, ನೈರುತ್ಯದ ಗಾಳಿ ತೀರದ ಪಕ್ಕದಲ್ಲೇ ಸವರ್ಕೊಂಡು ಹೋಗ್ತದೆ, ಮತ್ತೆ ಮೋಡವನ್ನು ತಡೆದು ನಿಲ್ಲಿಸ್ಲಿಕ್ಕೆ ನಮ್ಮ ಹಾಗೆ ಘಟ್ಟ ಇಲ್ಲ. ಅದೇ ಘಾನಾದ ಪಶ್ಚಿಮ ಮೂಲೆಯ ಆಕ್ಸಿಂ ಕಡೆ ಹೋದ್ರೆ ಅಕ್ರಾದ ಎರಡು ಪಟ್ಟಿಗಿಂತ ಹೆಚ್ಚು ಮಳೆ.

ಹಾಗಾದ್ರೆ ನೆರೆ ಯಾಕೆ ಅಂತ ಕೇಳ್ತೀರಿ. ಬೆಂಗಳೂರಿನ ರಾಜಕಾಲುವೆ ಕತೆ ಗೊತ್ತುಂಟಲ್ಲ, ಹೆಸರು ಮಾತ್ರ ಬದಲು ಮಾಡ್ಕೊಳ್ಳಿ. ಊರಿನ ಹೆಚ್ಚಿನ ನೀರೆಲ್ಲ ಓಡಾವ್ ಅಂತ ಒಂದು ಹೊಳೆಗೆ ಬಂದು, ಅಲ್ಲಿಂದ ಕೋರ್ಲೆ ಲಗೂನಿಗೆ ಹೋಗಿ ಕಡಲು ಸೇರ್ಬೇಕು. ಆ ಹೊಳೆಯ ಎರಡೂ ಬದಿ ಮನೆ, ಗ್ಯಾರೇಜು, ಮಾರ್ಕೆಟ್ಟು, ಹೊಳೆಯೊಳಗೆ ಹೂಳು, ಹೂಳಿನ ಮೇಲೆ ಪ್ಲಾಸ್ಟಿಕ್ಕು. ಅಲ್ಲಿ ಜನ ಕುಡಿಯುದು ಅರ್ಧ ಲೀಟರಿನ ಪ್ಲಾಸ್ಟಿಕ್ ಸ್ಯಾಷೆ ನೀರು, ಮೂಲೆ ಕಚ್ಚಿ ಹೀರಿ ಬಿಸಾಡುದು, ಅದಕ್ಕೆ ಪ್ಯೂರ್ ವಾಟರ್ ಅಂತಾರೆ, ಆ ಖಾಲಿ ಸ್ಯಾಷೆಗಳೆಲ್ಲ ಕೊನೆಗೆ ಸೇರುದು ಚರಂಡಿಗೆ. ಚರಂಡಿಗೆ ಅಲ್ಲಿ ಎಲ್ಲರೂ ಗಟರ್ ಅಂತಲೇ ಹೇಳುದು. ಗಟರ್ ಅಂದ್ರೆ ನಮ್ಮ ಮನೆ ಎದುರಿನ ಸಣ್ಣ ತೋಡು ಅಂದ್ಕೊಳ್ಬೇಡಿ. ರಸ್ತೆಯ ಎರಡೂ ಬದಿಗೆ ಕಾಂಕ್ರೀಟಿನ ನೆಟ್ಟಗಿನ ಗೋಡೆ, ಕೆಲವು ಕಡೆ ಮೊಣಕಾಲು ಆಳ, ಕೆಲವು ಕಡೆ ಆಳೆತ್ತರ, ಮೇಲೆ ಚಪ್ಪಡಿ ಇದ್ರೆ ಉಂಟು ಇಲ್ಲದಿದ್ರೆ ಇಲ್ಲ. ಒಣ ದಿನದಲ್ಲಿ ಕಾಣ್ತದೆ, ದಾಟಿ ಹೋಗ್ಬಹುದು. ನೀರು ತುಂಬಿ ರಸ್ತೆಯೂ ಗಟರೂ ಒಂದೇ ಮಟ್ಟ ಆದ ಮೇಲೆ ಎಲ್ಲಿ ರಸ್ತೆ ಎಲ್ಲಿ ಗಟರ್ ಅಂತ ದೇವರಿಗೇ ಗೊತ್ತು.

ನನ್ನ ಕತೆಯೇ ಹೇಳ್ತೇನೆ. ಮೊದಲನೇ ವರ್ಷದ ಜೂನು, ಕನೇಶಿ ಮಾರ್ಕೆಟ್ ಹತ್ರ ಹೊರಗಿನ ಬೀದಿಯಲ್ಲಿ ನಡ್ಕೊಂಡು ಹೋಗ್ತಾ ಇದ್ದೆ, ಬೆವರು ಕಿತ್ಕೊಂಡು ಬರುವಷ್ಟು ಸೆಕೆ. ಇದ್ದಕ್ಕಿದ್ದ ಹಾಗೆ ತಣ್ಣಗಿನ ಗಾಳಿ ಬಂತು, ಜೊತೆಗೆ ಕೆಂಪು ಧೂಳು, ಅಂಗಡಿಯ ಜೋತುಬಿಟ್ಟ ಬಟ್ಟೆ ಎಲ್ಲ ಅಡ್ಡ ಹಾರ್ಲಿಕ್ಕೆ ಶುರು. ನೋಡ್ತೇನೆ, ಒಂದು ಹನಿ ಸಹ ಬಿದ್ದಿಲ್ಲ, ಆಗಲೇ ಮಾರ್ಕೆಟ್ಟಿನ ಹೆಂಗಸರೆಲ್ಲ ಟೊಮೆಟೊ ಗುಪ್ಪೆ ಬೋಗುಣಿಗೆ ಹಾಕಿ ತಲೆಗೇರಿಸಿ ಆಯ್ತು, ಟಾರ್ಪಾಲಿಗೆ ಕಲ್ಲು ಕಟ್ಟಿ ಆಯ್ತು, ತಲೆಹೊರೆ ಹುಡುಗಿಯರು ಓಡಿ ಜಗಲಿ ಸೇರಿ ಆಯ್ತು, ಹತ್ತು ನಿಮಿಷದಲ್ಲಿ ಬೀದಿ ಖಾಲಿ. ನಾನೊಬ್ಬ ಊರಿಂದ ತಂದ ಮೂರು ಮಡಿಕೆಯ ಕೊಡೆ ಬಿಡಿಸಿ ರಾಜನ ಹಾಗೆ ನಡೀತಾ ಇದ್ದೆ, ಇವರಿಗೆಲ್ಲ ಇಷ್ಟು ಮಳೆಗೇ ಭಯವಾ ಅಂತ ಒಳಗೊಳಗೇ ನಗು ಬೇರೆ. ಮಳೆ ಬಿತ್ತು ನೋಡಿ, ಕೊಡೆ ತಲೆಕೆಳಗಾಗಿ ಎರಡು ಕಡ್ಡಿ ಮುರೀತು. ಇಪ್ಪತ್ತು ನಿಮಿಷಕ್ಕೆ ಕಂದು ನೀರು ಕಣಕಾಲು ದಾಟ್ತು. ಎದುರಿನ ಬಸ್ ಶೆಲ್ಟರಿಗೆ ಹೋಗುವ ಅಂತ ಎಡಕ್ಕೆ ಒಂದು ಹೆಜ್ಜೆ ಇಟ್ಟೆ, ಅಷ್ಟೇ, ಹಿಂದಿನಿಂದ ಯಾರೋ ಶರ್ಟಿನ ಕಾಲರ್ ಹಿಡ್ದು ಎಳೆದ್ರು, ಗುಂಡಿ ಕಿತ್ತು ಹೋಯ್ತು. ಕೆಂಕೆ ಅಂತ ಜೋಳದ ಕಡುಬಿನ ಹಾಗಿನ ತಿಂಡಿ ಮಾರುವ ಒಬ್ಬ ದಪ್ಪದ ಅಮ್ಮ. "ಮಾಸ್ಟರ್, ಗಟರ್ ಡೇ ದೇರ್!" ಅಂತ ಒಂದು ಬೊಬ್ಬೆ, ಅಲ್ಲಿ ಗಟರ್ ಉಂಟು ಅಂತ. ಆಮೇಲೆ ಒಂದು ಕೋಲು ತಗೊಂಡು ನಾನು ಕಾಲಿಡ್ಲಿಕ್ಕಿದ್ದ ಜಾಗದಲ್ಲಿ ಊರಿ ತೋರಿಸಿದ್ರು, ಕೋಲು ಅವರ ಮೊಣಕೈವರೆಗೆ ಒಳಗೆ ಹೋಯ್ತು. ಮತ್ತೆ ನನ್ನ ಮುರಿದ ಕೊಡೆ ನೋಡಿ ಜಗಲಿಯ ಮೇಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ಕಾಲು ಮಾತ್ರ ನಡುಗ್ತಾ ಇತ್ತು. ಒಂದೂವರೆ ಗಂಟೆ ಅವರ ಪಕ್ಕವೇ ಕೂತು ಎರಡು ಕೆಂಕೆ ತಿಂದು ಮನೆಗೆ ಹೋದೆ.

ಅವತ್ತಿಂದ ನನ್ನ ನಿಯಮ ಒಂದೇ, ನಿಮಗೂ ಅದೇ ಹೇಳ್ತೇನೆ: ಮಳೆ ಶುರುವಾದಾಗ ಎಲ್ಲಿದ್ದೀರೋ ಅಲ್ಲೇ ಇರಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಕಾಯ್ತೇನೆ ಅಂದ್ರೆ ಸೆಪ್ಟೆಂಬರ್‌ವರೆಗೆ ಕೂತಿರ್ಬೇಕು, ಹಾಗಾಗಿ ನೆನೆದ್ರೂ ಪರವಾಗಿಲ್ಲ ಅಂತ ನಡೆಯುದು ನಮ್ಮ ಅಭ್ಯಾಸ. ಅಲ್ಲಿ ಹಾಗಲ್ಲ, ಜೋರು ಮಳೆ ಅಂದ್ರೆ ಮುಕ್ಕಾಲು ಗಂಟೆ, ಒಂದೂವರೆ ಗಂಟೆ, ಆಮೇಲೆ ಸ್ವಲ್ಪ ಜಿನುಗಿ ಬಿಡ್ತದೆ, ನೀರೂ ಬೇಗ ಇಳೀತದೆ, ಮತ್ತೆ ಎರಡು ಮೂರು ದಿನ ಬರೀ ಮೋಡ ಬಿಸಿಲು. ಊರೇ ಹಾಗೆ ಹೊಂದ್ಕೊಂಡಿದೆ. ಮಳೆ ಬಂದ್ರೆ ಮೀಟಿಂಗ್ ತಡ ಆಗ್ತದೆ, ಯಾರೂ ಸಾರಿ ಕೇಳುದಿಲ್ಲ, ಮಳೆ ಬಂತಲ್ಲ ಅಂದ್ರೆ ಸಾಕು. ನಿಮ್ಮ ಯಜಮಾನರಿಗೆ ಮೊದಲೇ ಹೇಳಿ ಇಡಿ, ಒಂಬತ್ತಕ್ಕೆ ಬರ್ತೇನೆ ಅಂದವ ಹನ್ನೊಂದಕ್ಕೆ ಬಂದ್ರೆ ಸಿಟ್ಟಾಗ್ಬಾರದು.

ಇನ್ನೊಂದು ವಿಷಯ ನನಗೆ ಅರ್ಥ ಆಗ್ಲಿಕ್ಕೆ ಎರಡು ವರ್ಷ ಬೇಕಾಯ್ತು. ನಾವು ಕರಾವಳಿಯವರು ಮಳೆ ಬರ್ತದಾ ಅಂತ ಕಡಲ ಕಡೆ ನೋಡುವವರು. ಅಕ್ರಾದಲ್ಲಿ ಕಡಲ ಕಡೆ ಎಷ್ಟು ನೋಡಿದ್ರೂ ಏನೂ ಗೊತ್ತಾಗುದಿಲ್ಲ. ಕೆಳಗಿನ ಗಾಳಿ ಬರುದು ನೈರುತ್ಯದಿಂದಲೇ ಹೌದು, ಆದ್ರೆ ಆ ಗುಡುಗಿನ ಮೋಡದ ಸಾಲು ಸಾಗುದು ಪೂರ್ವದಿಂದ ಪಶ್ಚಿಮಕ್ಕೆ, ಟೋಗೋ ದಿಕ್ಕಿನಿಂದ. ಹಾಗಾಗಿ ಪೂರ್ವದ ಟೆಮಾ ಕಡೆಯ ಆಕಾಶ ನೇರಳೆ ಬಣ್ಣಕ್ಕೆ ತಿರುಗಿ, ಸೆಕೆ ಒಮ್ಮೆಗೇ ನಿಂತು ತಣ್ಣಗಿನ ಗಾಳಿ ಬೀಸಿದ್ರೆ ನಿಮ್ಮ ಹತ್ರ ಇರುದು ಕಾಲು ಗಂಟೆಗಿಂತ ಹೆಚ್ಚಿಲ್ಲ. ಆಗ ಟ್ಯಾಕ್ಸಿ ಬುಕ್ ಮಾಡ್ಲಿಕ್ಕೆ ಹೋಗ್ಬೇಡಿ, ಎಲ್ಲರೂ ಅದೇ ಮಾಡ್ತಾರೆ, ರೇಟು ಎರಡು ಮೂರು ಪಟ್ಟು ಏರ್ತದೆ, ಸಿಕ್ಕಿದ ಡ್ರೈವರೂ ಕ್ಯಾನ್ಸಲ್ ಮಾಡ್ತಾನೆ. ಒಂದು ಒಳ್ಳೆ ಕಟ್ಟಡ ನೋಡಿ ಒಳಗೆ ಹೋಗಿ ಏನಾದ್ರೂ ತಿನ್ನಿ.

ಪೆಟ್ರೋಲ್ ಬಂಕ್ ಸೂರಿನ ಕೆಳಗೆ ಮಾತ್ರ ನಿಲ್ಬೇಡಿ. ಇದನ್ನು ಸುಮ್ಮನೆ ಹೇಳುದಲ್ಲ. 2015ರ ಜೂನ್ 3ರ ರಾತ್ರಿ ಊರಿನ ಮಧ್ಯದ ಕ್ವಾಮೆ ನ್ಕ್ರುಮಾ ಸರ್ಕಲ್ ಹತ್ರ ನೆರೆ ನೀರು ಏರಿದಾಗ ಜನ ಮಳೆಯಿಂದ ತಪ್ಪಿಸ್ಕೊಳ್ಳಿಕ್ಕೆ ಒಂದು ಬಂಕಿನ ಸೂರಿಗೆ ಓಡಿದ್ರು. ಇಂಧನ ಸೋರಿ ನೀರಿನ ಮೇಲೆ ಹರಡಿತ್ತು, ಬೆಂಕಿ ಹತ್ತಿಕೊಂಡಿತು. ನೆರೆಯಲ್ಲೂ ಬೆಂಕಿಯಲ್ಲೂ ಸೇರಿ ಒಂದೇ ರಾತ್ರಿ 150ಕ್ಕೂ ಹೆಚ್ಚು ಜನ ತೀರಿಕೊಂಡ್ರು. ಅಕ್ರಾದವರು ಜೂನ್ ಥರ್ಡ್ ಅಂತ ಹೇಳಿದ್ರೆ ಸಾಕು, ಇಸವಿ ಹೇಳ್ಬೇಕಾಗಿಲ್ಲ. ನೀವು ಹೋಗುವ ಹೊತ್ತಿಗೆ ಆ ದಿನ ಈಗಷ್ಟೇ ಕಳೆದಿರ್ತದೆ, ಎಲ್ಲ ರೇಡಿಯೋದಲ್ಲೂ ಅದೇ ಚರ್ಚೆ, ಗಟರ್ ಯಾಕೆ ಕ್ಲೀನ್ ಆಗಿಲ್ಲ ಅಂತ ಬೈಗುಳ, ಪ್ರತಿ ವರ್ಷ ಅದೇ ಬೈಗುಳ.

ಉಳಿಯುವ ಜಾಗದ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ಮೂರು ವಾರದ ನಿಮ್ಮ ನೆಮ್ಮದಿ ಇರುದು ಅದ್ರಲ್ಲೇ. ಏರ್‌ಪೋರ್ಟ್ ರೆಸಿಡೆನ್ಶಿಯಲ್, ಕಾಂಟೋನ್ಮೆಂಟ್ಸ್, ಲಬೋನೆ, ಓಸುವಿನ ಎತ್ತರದ ಭಾಗ, ಇಲ್ಲಿ ಹುಡುಕಿ. ದುಬಾರಿ, ಹೌದು. ಕನೇಶಿ, ಸರ್ಕಲ್, ಅಲಾಜೋ, ಅದಾಬ್ರಾಕಾದ ತಗ್ಗು ಬೀದಿಗಳು, ಪಶ್ಚಿಮದಲ್ಲಿ ವೇಜಾ ಡ್ಯಾಮಿನ ಕೆಳಗಿನ ಕಡೆ, ಪೂರ್ವದಲ್ಲಿ ಸಕುಮೋನೋ ಲಗೂನಿನ ಸುತ್ತ, ಇಲ್ಲಿ ಮನೆ ಎಷ್ಟೇ ಚಂದ ಇದ್ರೂ ಜೂನಿಗೆ ಬೇಡ. ವೇಜಾದಲ್ಲಿ ಮಳೆ ನಿಂತ ಮೇಲೆಯೂ ಡ್ಯಾಮಿನ ಗೇಟು ತೆರೆದು ನೀರು ಬಿಡ್ತಾರೆ, ಬಿಸಿಲಿನಲ್ಲಿ ನೆರೆ ಬರುದು ಅಂದ್ರೆ ಅದು. ಮತ್ತೆ ಏರಿಯಾದ ಹೆಸರು ನೋಡಿ ಮೋಸ ಹೋಗ್ಬೇಡಿ, ಈಸ್ಟ್ ಲೆಗೋನ್‌ನಂತ ಶ್ರೀಮಂತರ ಜಾಗದಲ್ಲೂ ತಗ್ಗಿನ ಬೀದಿಗಳು ಮುಳುಗ್ತವೆ.

ಮಾಲೀಕರ ಹತ್ರ "ಇಲ್ಲಿ ನೆರೆ ಬರ್ತದಾ" ಅಂತ ಕೇಳಿದ್ರೆ ಇಲ್ಲ ಅಂತಲೇ ಹೇಳ್ತಾರೆ. ಕೇಳ್ಬೇಕಾದ್ದು ಗೇಟಿನ ಸೆಕ್ಯೂರಿಟಿ ಹತ್ರ, ಅದೂ ಹೀಗೆ: "ಜೋರು ಮಳೆ ಬಂದಾಗ ಟ್ಯಾಕ್ಸಿ ಇಲ್ಲಿವರೆಗೆ ಬರ್ತದಾ?" ಅವ ನಕ್ಕರೆ ಅರ್ಥ ಮಾಡ್ಕೊಳ್ಳಿ. ಹೋಗಿ ಇಳಿದ ಮೇಲೆ ಕಾಂಪೌಂಡ್ ಗೋಡೆ ನೋಡಿ, ಬುಡದಿಂದ ಒಂದು ಗೇಣು ಎರಡು ಗೇಣು ಮೇಲೆ ಅಡ್ಡಕ್ಕೆ ಕಂದು ಗೆರೆ ಉಂಟಾ? ಅಕ್ಕಪಕ್ಕದ ಮನೆಯ ಹೊಸ್ತಿಲಿಗೆ ಆಮೇಲೆ ಇಟ್ಟಿಗೆ ಕಟ್ಟಿ ಎತ್ತರಿಸಿದ್ದಾರಾ? ಇದ್ರೆ ಮಾರನೇ ದಿನವೇ ಜಾಗ ಬದಲಾಯಿಸಿ. ಕೋಣೆ ಮೊದಲ ಮಹಡಿಯಲ್ಲಿ ಕೇಳಿ. ನೀರಿನ ಟ್ಯಾಂಕ್ ಉಂಟಾ, ಜನರೇಟರ್ ಉಂಟಾ ಅಂತ ಎರಡೂ ಕೇಳಿ, ಅಂಗಳದಲ್ಲಿ ಮೊಣಕಾಲು ನೀರಿದ್ರೂ ನಳ್ಳಿಯಲ್ಲಿ ಹನಿ ನೀರಿಲ್ಲದ ದಿನ ನಾನು ನೋಡಿದ್ದೇನೆ. ಕರೆಂಟ್ ಹೋಗುದಕ್ಕೆ ಅಲ್ಲಿ ಡಮ್‌ಸೋರ್ ಅಂತ ಪದವೇ ಉಂಟು, ಟ್ವಿ ಭಾಷೆಯಲ್ಲಿ ಆರಿ-ಹೊತ್ತು ಅಂದ ಹಾಗೆ, ನಿಮಗದು ಕಲಿಸ್ಬೇಕಾಗಿಲ್ಲ ಬಿಡಿ. ಪ್ಲಗ್ ಹೆಚ್ಚಾಗಿ ಬ್ರಿಟಿಷ್ ತರದ ಮೂರು ಚಪ್ಪಟೆ ಪಿನ್ನಿನದ್ದು, ಅಡಾಪ್ಟರ್ ಇಟ್ಕೊಳ್ಳಿ.

ಈಗ ಮಲೇರಿಯಾ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡ್ತೇನೆ, ಬೇಜಾರ್ ಮಾಡ್ಬೇಡಿ. ಮಂಗಳೂರು ಕಡೆಯವರಿಗೆ ಮಲೇರಿಯಾ ಅಂದ್ರೂ ಮಳೆಯ ಹಾಗೆಯೇ ಸಸಾರ, ನಮ್ಮನೆಯಲ್ಲಿ ಎಲ್ಲರಿಗೂ ಬಂದು ಹೋಗಿದೆ ಅಂತಾರೆ. ನಮ್ಮಲ್ಲಿ ಬರುದು ಹೆಚ್ಚಿನಂಶ ವೈವಾಕ್ಸ್ ಅನ್ನುವ ಜಾತಿಯದ್ದು, ಮೈ ಹಿಂಡಿ ಬಿಡ್ತದೆ, ಆದ್ರೆ ಕೊಲ್ಲುದು ಅಪರೂಪ. ಘಾನಾದಲ್ಲಿ ಬರುದು ಹತ್ತಿರ ಹತ್ತಿರ ಎಲ್ಲವೂ ಫಾಲ್ಸಿಪಾರಂ, ಅದು ತಲೆಗೆ, ಮೂತ್ರಪಿಂಡಕ್ಕೆ ಹತ್ತಿದ್ರೆ ಕೆಲವೇ ದಿನದಲ್ಲಿ ಜೀವಕ್ಕೆ ಬರ್ತದೆ. ಅಲ್ಲಿನ ಸ್ನೇಹಿತರು "ಇಟ್ಸ್ ಜಸ್ಟ್ ಮಲೇರಿಯಾ ಚಾಲೆ", ಅಂದ್ರೆ ಬರೀ ಮಲೇರಿಯಾ ಮಾರಾಯ, ಅಂತ ಹೇಳಿ ಕೆಲಸಕ್ಕೂ ಬರ್ತಾರೆ. ಸಣ್ಣದ್ರಿಂದ ಮತ್ತೆ ಮತ್ತೆ ಬಂದು ಬಂದು ಅವರ ಮೈಗೆ ಅರ್ಧ ತಡೆಶಕ್ತಿ ಬಂದಿರ್ತದೆ, ನಿಮ್ಮ ಮಗಳಿಗೆ ಅದಿಲ್ಲ, ನಿಮಗೂ ಇಲ್ಲ. ಹಾಗಾಗಿ ಹೊರಡುವ ಮೊದಲೇ ಡಾಕ್ಟ್ರ ಹತ್ರ ಹೋಗಿ ತಡೆ ಮಾತ್ರೆ ಬರೆಸ್ಕೊಳ್ಳಿ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದ್ರೆ ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ, ವಾಪಸ್ ಬಂದ ಮೇಲೂ ಏಳು ದಿನ ತಗೊಳ್ಬೇಕು, ಡಾಕ್ಸಿಸೈಕ್ಲಿನ್ ಆದ್ರೆ ಬಂದ ಮೇಲೆ ನಾಲ್ಕು ವಾರ. ಮಗಳ ಡೋಸ್ ತೂಕ ನೋಡಿ ಡಾಕ್ಟ್ರೇ ಹೇಳ್ಬೇಕು, ನನ್ನ ಮಾತು ಕೇಳಿ ಅಂಗಡಿಯಿಂದ ತರ್ಬೇಡಿ. ಆ ಸೊಳ್ಳೆ ಕಚ್ಚುದು ಕತ್ತಲಾದ ಮೇಲೆ, ಅಲ್ಲಿ ವರ್ಷವಿಡೀ ಸಂಜೆ ಆರು ಆರೂವರೆಗೆ ಕತ್ತಲು. ಐದೂವರೆಗೆ ಉದ್ದ ತೋಳು, ಉದ್ದ ಪ್ಯಾಂಟು, ಕಾಲಿಗೆ ಸಾಕ್ಸು, ಕ್ರೀಮು. ಅಲ್ಲಿರುವಾಗ ಜ್ವರ ಬಂದ್ರೆ ಅದೇ ದಿನ ರಕ್ತ ಪರೀಕ್ಷೆ, ನಾಳೆ ನೋಡುವ ಅನ್ನುವ ಮಾತೇ ಇಲ್ಲ. ಊರಿಗೆ ಬಂದು ಎರಡು ಮೂರು ತಿಂಗಳೊಳಗೆ ಜ್ವರ ಬಂದ್ರೂ ಡಾಕ್ಟ್ರಿಗೆ "ಆಫ್ರಿಕಾಕ್ಕೆ ಹೋಗಿದ್ದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಲ್ಲಿ ಎಲ್ಲರಿಗೂ ಜ್ವರ ಇರ್ತದಲ್ಲ, ಅದ್ರೊಟ್ಟಿಗೆ ನಿಮ್ಮದೂ ಡೆಂಗಿಯೋ ವೈರಲ್ಲೋ ಅಂತ ಕಳೆದುಹೋಗ್ಬಾರದು.

ಯೆಲ್ಲೋ ಫೀವರ್ ಲಸಿಕೆ ಮೂವರಿಗೂ ಕಡ್ಡಾಯ, ಲಸಿಕೆಯ ಸರ್ಟಿಫಿಕೇಟ್ ಇರುವ ಆ ಹಳದಿ ಪುಸ್ತಕ ಇಲ್ಲದೆ ಘಾನಾದ ಒಳಗೆ ಬಿಡುದಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ವಾಪಸ್ ಬರುವಾಗ, ಸರಿಯಾದ ಸರ್ಟಿಫಿಕೇಟ್ ಇಲ್ಲದಿದ್ರೆ ಭಾರತದಲ್ಲಿ ಇಳಿದ ಕೂಡ್ಲೆ ಆರು ದಿನದವರೆಗೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆಯೇ ಅದು ಚಾಲ್ತಿ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ ಹಾಕುದು, ಅಲ್ಲಿ ದಿನ ಸಿಗ್ಲಿಕ್ಕೆ ಕಾಯ್ಬೇಕಾಗ್ತದೆ, ಹಾಗಾಗಿ ಮೇ ತಿಂಗಳ ಶುರುವಿನಲ್ಲೇ ಮುಗಿಸಿ. ಒಮ್ಮೆ ಹಾಕಿಸಿದ್ರೆ ಜೀವಮಾನಕ್ಕೆ ಸಾಕು. ಟೈಫಾಯ್ಡ್ ಲಸಿಕೆಯೂ ಹಾಕಿಸಿ. ಕಾಲರಾ ಅಲ್ಲಿ ಹಳೇ ಶತ್ರು, 2014ರಲ್ಲಿ 28,000ಕ್ಕೂ ಮೇಲೆ ಜನಕ್ಕೆ ಬಂದಿತ್ತು, ಅದ್ರಲ್ಲೂ ಹೆಚ್ಚಿನವರು ಅಕ್ರಾ ಸುತ್ತಿನವರೇ. ಗಟರ್ ನೀರು ಎಲ್ಲೆಲ್ಲಿ ಹೋಗ್ತದೋ ಕಾಯಿಲೆಯೂ ಅಲ್ಲಲ್ಲಿ. ಸೀಲ್ ಇರುವ ನೀರು, ಬಿಸಿ ಬಿಸಿ ಊಟ, ಬೀದಿಯ ಹಸಿ ಸಲಾಡ್ ಬೇಡ, ಐಸ್ ಬೇಡ. ಚಪ್ಪಲಿ ಹಾಕಿ ನೆರೆ ನೀರಿನಲ್ಲಿ ನಡೆದ್ರೆ ಮನೆಗೆ ಬಂದ ಕೂಡ್ಲೆ ಸೋಪು ಹಾಕಿ ಕಾಲು ತೊಳೆಯಿರಿ.

ಊಟದ ಬಗ್ಗೆ ಕೇಳಿದ್ರಿ. ಸಸ್ಯಾಹಾರ ಸಿಗ್ತದೆ, ಆದ್ರೆ ಮೀನು ಎಲ್ಲಿ ಅಡಗಿರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ರೆಡ್ ರೆಡ್ ಅಂತ ಅಲಸಂದೆಯ ಪಲ್ಯ ಉಂಟು, ತಾಳೆ ಎಣ್ಣೆಯಲ್ಲಿ ಮಾಡಿ ಹುರಿದ ಬಾಳೆಹಣ್ಣಿನ ಜೊತೆ ಕೊಡ್ತಾರೆ, ತುಂಬಾ ರುಚಿ, ಆದ್ರೆ ಕೆಲವರು ಒಣಮೀನಿನ ಪುಡಿ ಹಾಕ್ತಾರೆ, ಕೇಳಿಯೇ ತಿನ್ನಿ. ವಾಚೆ ಅಂದ್ರೆ ಅನ್ನ ಅಲಸಂದೆ ಒಟ್ಟಿಗೆ ಬೇಯಿಸಿದ್ದು, ಜೋಳದ ಒಣ ಎಲೆ ಹಾಕಿ ಬೇಯಿಸುದ್ರಿಂದ ಕೆಂಪು ಬಣ್ಣ. ಅದ್ರ ಪಕ್ಕ ಬಡಿಸುವ ಶಿಟೋ ಅನ್ನುವ ಕಪ್ಪು ಚಟ್ನಿಯಲ್ಲಿ ಒಣಮೀನು, ಸಿಗಡಿ ಇದ್ದೇ ಇರ್ತದೆ, ನೋಡ್ಲಿಕ್ಕೆ ನಮ್ಮ ಗೊಜ್ಜಿನ ಹಾಗೆ ಕಾಣ್ತದೆ, ಮೋಸ ಹೋಗ್ಬೇಡಿ. ನನ್ನ ಜೀವ ಉಳಿಸಿದ ಅಮ್ಮ ಮಾರುವ ಕೆಂಕೆ ಅಂದ್ರೆ ಹುಳಿ ಬರಿಸಿದ ಮುಸುಕಿನ ಜೋಳದ ಹಿಟ್ಟನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುದು, ಬಿಚ್ಚುವಾಗ ನಮ್ಮ ಮೂಡೆ ಬಿಚ್ಚಿದ ಹಾಗೆಯೇ ಹಬೆ, ಹುಳಿ ಮಾತ್ರ ಜಾಸ್ತಿ. ಸಂಜೆ ಹೊತ್ತಿಗೆ ಕೆಲೆವೆಲೆ, ಶುಂಠಿ ಮೆಣಸು ಹಚ್ಚಿ ಕರಿದ ಬಾಳೆಹಣ್ಣು, ಮಗಳಿಗೆ ಇಷ್ಟ ಆಗ್ಲೇಬೇಕು. ಕುಚ್ಚಲಕ್ಕಿ ಎರಡು ಕೆಜಿ, ಉಪ್ಪಿನಕಾಯಿ ಒಂದು ಬಾಟ್ಲಿ ತಗೊಂಡು ಹೋಗಿ, ಉಳಿದ ಬೇಳೆ ಮಸಾಲೆ ಎಲ್ಲ ಅಲ್ಲಿಯ ಭಾರತೀಯ ಅಂಗಡಿಯಲ್ಲಿ ಸಿಗ್ತದೆ, ಸಿಂಧಿಗಳು ಅಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡ್ತಾ ಇದ್ದಾರೆ.

ನೋಡುದು ಎಂತ? ಬೀಚು ಬಿಟ್ಟುಬಿಡಿ. ಜೂನಿನ ಕಡಲು ಒರಟು, ಸೆಳೆತ ಹೆಚ್ಚು, ಮತ್ತೆ ಮಳೆ ಬಂದ ಮಾರನೇ ದಿನ ಊರಿನ ಗಟರಿನಲ್ಲಿ ಇದ್ದದ್ದೆಲ್ಲ ಮರಳಿನ ಮೇಲೆ ಬಂದು ಬಿದ್ದಿರ್ತದೆ. ಮಲ್ಪೆ ನೋಡಿದವರಿಗೆ ಅದು ಬೇಡ. ಘಾನಾದ ಮೊದಲ ಅಧ್ಯಕ್ಷ ನ್ಕ್ರುಮಾರ ಸ್ಮಾರಕ, ನ್ಯಾಷನಲ್ ಮ್ಯೂಸಿಯಂ, ಜೇಮ್ಸ್‌ಟೌನ್ ಹಳೇ ಬೀದಿಗಳು, ಇವೆಲ್ಲ ಅರ್ಧ ಅರ್ಧ ದಿನದ್ದು, ಮೋಡ ಇಲ್ಲದ ಬೆಳಿಗ್ಗೆ ನೋಡಿ ಹೋಗಿ. ನನ್ನ ಮೆಚ್ಚಿನದ್ದು ಅಬುರಿ. ಊರಿಂದ ಉತ್ತರಕ್ಕೆ ಒಂದು ಗಂಟೆ ಚಿಲ್ಲರೆ, ಗುಡ್ಡದ ಮೇಲೆ 1890ರಲ್ಲಿ ಮಾಡಿದ ಸಸ್ಯೋದ್ಯಾನ, ಜೂನಿನಲ್ಲಿ ಮಂಜು ಇಳಿದು ದೊಡ್ಡ ಮರಗಳ ನೆತ್ತಿಯೇ ಕಾಣುದಿಲ್ಲ, ಆ ಹಸಿ ಎಲೆಯ ವಾಸನೆಗೆ ನನಗೆ ಪ್ರತಿ ಸಲ ಆಗುಂಬೆಯೇ ನೆನಪಾಗುದು. ಮನೆಯ ನೆನಪು ಕಾಡಿದಾಗೆಲ್ಲ ನಾನು ಅಲ್ಲಿಗೆ ಹೋಗ್ತಿದ್ದೆ. ಕೇಪ್ ಕೋಸ್ಟ್, ಎಲ್ಮಿನಾ ಕೋಟೆಗಳಿಗೆ ಎರಡು ದಿನ ಇಡಿ, ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಮಳೆಗಾಲದಲ್ಲಿ ಬೇಡ, ದಾರಿಯ ಕಸೋವಾ ಊರಿನ ಟ್ರಾಫಿಕ್ ದಾಟ್ಲಿಕ್ಕೇ ಜೀವ ಹೋಗ್ತದೆ. ಎಲ್ಮಿನಾ ಕೋಟೆ ಪೋರ್ಚುಗೀಸರು 1482ರಲ್ಲಿ ಕಟ್ಟಿಸಿದ್ದು, ಗುಲಾಮರನ್ನು ಕೂಡಿ ಹಾಕ್ತಿದ್ದ ನೆಲಮಾಳಿಗೆ ಉಂಟು, ಮಗಳಿಗೆ ಹೇಗೆ ಹೇಳುದು ಅಂತ ಮೊದಲೇ ಯೋಚನೆ ಮಾಡ್ಕೊಳ್ಳಿ. ಅದೇ ಕಡೆಯ ಕಾಕುಂ ಕಾಡಿನ ತೂಗುಸೇತುವೆಗೆ ಗುಡುಗು ಇದ್ರೆ ಹತ್ತಬೇಡಿ.

ಓಡೋರ್ಕೋರ್‌ನಲ್ಲಿ ಒಂದು ಹಿಂದೂ ಮಠ ಉಂಟು, ನೀವು ನೋಡ್ಲೇಬೇಕು. ಭಾರತೀಯರು ಕಟ್ಟಿಸಿದ್ದಲ್ಲ, ಘಾನಾದವರೇ ಆದ ಸ್ವಾಮಿ ಘನಾನಂದ ಸರಸ್ವತಿ ಅಂತ ಒಬ್ರು 1975ರಲ್ಲಿ ಶುರು ಮಾಡಿದ್ದು. ಆರತಿ ಮಾಡುದು, ಭಜನೆ ಹಾಡುದು ಎಲ್ಲ ಅಲ್ಲಿನ ಜನವೇ. ಹೊರಗೆ ಮೋಡ ಕಟ್ಟಿ ಒಳಗೆ ಘಾನಾದ ಅಜ್ಜಿಯೊಬ್ರು ಸಂಸ್ಕೃತ ಶ್ಲೋಕ ಹೇಳುದನ್ನು ಕೇಳಿದಾಗ ನಾನು ಯಾವ ಊರಲ್ಲಿದ್ದೇನೆ ಅಂತ ಒಂದು ಕ್ಷಣ ತಿಳೀಲಿಲ್ಲ. ಆದ್ರೆ ಊರ ನಡುವಿಂದ ಅಲ್ಲಿಗೆ ಹೋಗುದು ಕನೇಶಿ ದಾಟಿಯೇ, ಹಾಗಾಗಿ ಆಕಾಶ ನೋಡಿ ಹೊರಡಿ.

ಇನ್ನೊಂದು ಚಂದದ ವಿಷಯ. ಮೇ-ಜೂನ್ ಹೊತ್ತಿಗೆ ಅಕ್ರಾದಲ್ಲಿ ಸುಮಾರು ಒಂದು ತಿಂಗಳು ಡೋಲು ಬಡಿಯುದು, ಗಲಾಟೆ ಮಾಡುದು ನಿಷೇಧ. ಅಕ್ರಾ ಮೂಲತಃ ಗಾ ಜನರ ನೆಲ, ಮಳೆ ಶುರುವಾದಾಗ ಅವರ ಪುರೋಹಿತರು ದೇವರ ಧಾನ್ಯ ಬಿತ್ತುತ್ತಾರೆ, ಅದು ಮೊಳೆತು ಬೆಳೆಯುವಾಗ ಊರು ಸದ್ದು ಮಾಡ್ಬಾರದು. ಸ್ಪೀಕರ್ ಇಟ್ಟು ಪ್ರಾರ್ಥನೆ ಮಾಡುವ ಚರ್ಚುಗಳಿಗೂ ದನಿ ತಗ್ಗಿಸಿ ಅಂತ ಹೇಳ್ತಾರೆ, ಅದ್ರ ಬಗ್ಗೆ ಜಗಳವೂ ಆಗ್ತದೆ, ಆದ್ರೆ ಒಟ್ಟಿನಲ್ಲಿ ಯಾವಾಗಲೂ ಬೊಬ್ಬೆ ಹಾಕುವ ಊರು ಆ ತಿಂಗಳು ಸ್ವಲ್ಪ ಪಿಸುಗುಡ್ತದೆ. ದಿನಾಂಕ ವರ್ಷ ವರ್ಷ ಬದಲಾಗ್ತದೆ, ನೀವು ಹೋಗುವಾಗ ನಡೀತಾ ಇದ್ರೆ ಜೋರಾಗಿ ಹಾಡು ಹಾಕಿ ಪಾರ್ಟಿ ಮಾಡ್ಲಿಕ್ಕೆ ಹೋಗ್ಬೇಡಿ. ಆಮೇಲೆ ಬೆಳೆ ಕೈಗೆ ಬಂದ ಮೇಲೆ ಹೋಮೋವೋ ಹಬ್ಬ, ಹಳೇ ಅಕ್ರಾದ ಗಾ ಮಾಶೆಯಲ್ಲಿ ಹೆಚ್ಚಾಗಿ ಆಗಸ್ಟಿನಲ್ಲಿ. ಹೋಮೋವೋ ಅಂದ್ರೆ ಹಸಿವನ್ನು ಕೂಗಿ ಗೇಲಿ ಮಾಡುದು ಅಂತ ಅರ್ಥ, ಯಾವುದೋ ಕಾಲದ ಬರಗಾಲದ ನೆನಪು. ಪೊಪೊಯಿ ಅಂತ ಮುಸುಕಿನ ಜೋಳದ ಹಿಟ್ಟಿನ ಅಡುಗೆಯನ್ನು ಬೀದಿಯಲ್ಲಿ ಚಿಮುಕಿಸ್ಕೊಂಡು ಹೋಗ್ತಾರೆ.

ಆಗಸ್ಟ್ ಅಂದ ಕೂಡ್ಲೆ ಹೇಳ್ಬೇಕು, ದಿನ ಬದಲಾಯಿಸ್ಲಿಕ್ಕೆ ಆಗುದಾದ್ರೆ ಆಗಸ್ಟಿಗೆ ಹಾಕ್ಕೊಳ್ಳಿ. ನಮ್ಮ ತಲೆಯಲ್ಲಿ ಮಳೆಗಾಲ ಅಂದ್ರೆ ಜೂನಿಂದ ಸೆಪ್ಟೆಂಬರ್ ಒಂದೇ ಉದ್ದ. ಅಕ್ರಾದಲ್ಲಿ ಮಳೆಗಾಲ ಎರಡು ತುಂಡು, ಏಪ್ರಿಲಿಂದ ಜುಲೈ ಮಧ್ಯದವರೆಗೆ ದೊಡ್ಡದು, ಸೆಪ್ಟೆಂಬರಿಂದ ನವೆಂಬರ್ ಒಳಗೆ ಸಣ್ಣದು. ನಡುವೆ ಮಳೆಯ ಪಟ್ಟಿಯೇ ಉತ್ತರಕ್ಕೆ, ಮರುಭೂಮಿಯ ಅಂಚಿನವರೆಗೆ ಸರಿದು ಹೋಗಿರ್ತದೆ, ಮತ್ತೆ ಕಡಲಲ್ಲಿ ತಳದ ತಣ್ಣೀರು ಮೇಲೆ ಬಂದು ತೀರವೇ ತಂಪಾಗ್ತದೆ. ಆಗಸ್ಟಿನ ಅಕ್ರಾ ಅಂದ್ರೆ ಮೋಡ ಕವಿದ, ಮಳೆ ಇಲ್ಲದ, ಬೆಳಿಗ್ಗೆ 22-23 ಡಿಗ್ರಿಯ ಊರು, ಅಲ್ಲಿನವರು ಸ್ವೆಟರ್ ಹಾಕ್ತಾರೆ, ನಮಗೆ ನಗು ಬರ್ತದೆ. ಆ ತಣ್ಣೀರಿಗೇ ಬೂತಾಯಿಯ ಜಾತಿಯ ಮೀನು ರಾಶಿ ಬೀಳುದು ಸಹ. ಆಫೀಸ್ ಕೆಲಸ ಮುಂದೆ ಹೋಗುದಿಲ್ಲ ಅಂತ ಗೊತ್ತು, ಆದ್ರೂ ಕೇಳಿ ನೋಡ್ಲಿಕ್ಕೆ ನಷ್ಟ ಎಂತ. ಆದ್ರೆ ಮಗಳ ಶಾಲೆ ಜೂನಲ್ಲೂ ಉಂಟು ಆಗಸ್ಟಲ್ಲೂ ಉಂಟು, ಅದು ನಿಮ್ಮ ಮತ್ತು ಹೆಡ್ಮಾಸ್ಟ್ರ ನಡುವಿನ ವಿಷಯ.

ಸಾಮಾನು ಹೆಚ್ಚು ಬೇಡ. ಕೊಡೆ ಬಿಟ್ಟು ರೈನ್‌ಕೋಟ್ ತಗೊಳ್ಳಿ, ಹಿಂದೆ ಪಟ್ಟಿ ಇರುವ, ಕಾಲಿಂದ ಕಳಚಿಕೊಳ್ಳದ ರಬ್ಬರ್ ಚಪ್ಪಲಿ ತಗೊಳ್ಳಿ, ಟಾರ್ಚು, ಪವರ್ ಬ್ಯಾಂಕು, ಪಾಸ್‌ಪೋರ್ಟ್ ಹಳದಿ ಪುಸ್ತಕ ಹಾಕ್ಲಿಕ್ಕೆ ಜಿಪ್ ಇರುವ ಪ್ಲಾಸ್ಟಿಕ್ ಕವರು. ಭಾರತದಿಂದ ನೇರ ವಿಮಾನ ಇಲ್ಲ, ಬೆಂಗಳೂರಿಂದ ಅಡಿಸ್ ಅಬಾಬಾ ಅಥವಾ ದುಬೈ ಮೇಲೆ ಹೋಗುದು. ಕಾರಿನಲ್ಲಿ ಹೋಗುವಾಗ ಎದುರು ನೀರು ನಿಂತಿದ್ರೆ ಡ್ರೈವರ್ "ನೋ ಪ್ರಾಬ್ಲಂ" ಅಂದ್ರೂ ನೀವು ಪ್ರಾಬ್ಲಂ ಅನ್ನಿ, ಹಿಂದೆ ತಿರುಗಿಸ್ಲಿಕ್ಕೆ ಹೇಳಿ. ಎಮರ್ಜೆನ್ಸಿ ನಂಬರ್ 112.

ಮಗಳ ಸೊನ್ನೆ ಗೆರೆ ಹೌದು, ಟೆಮಾ ಊರೊಳಗಿಂದಲೇ ಹಾದು ಹೋಗ್ತದೆ, ಅದಕ್ಕೇ ಘಾನಾದ ಗಡಿಯಾರವೂ ಗ್ರೀನಿಚ್ ಸಮಯವೇ, ನಮಗಿಂತ ಐದೂವರೆ ಗಂಟೆ ಹಿಂದೆ. ಅಕ್ಷಾಂಶವೂ ಸೊನ್ನೆ ರೇಖಾಂಶವೂ ಸೊನ್ನೆ ಆಗುವ ಬಿಂದು ಅಲ್ಲಿಂದ ನೇರ ದಕ್ಷಿಣಕ್ಕೆ 600 ಕಿಲೋಮೀಟರ್ ಚಿಲ್ಲರೆ ದೂರ, ನಡು ಕಡಲಲ್ಲಿ, ಅದನ್ನೂ ಅಲ್ಲೇ ನಿಂತು ಬೆರಳು ಮಾಡಿ ತೋರಿಸಿ. ಒಂದು ಕಾಲು ಪೂರ್ವಾರ್ಧಗೋಳದಲ್ಲಿ, ಒಂದು ಕಾಲು ಪಶ್ಚಿಮದಲ್ಲಿ ಇಟ್ಟು ಫೋಟೋ ತೆಗೀರಿ. ಬೆಳಿಗ್ಗೆ ಬೇಗ ಹೊರಡಿ, ಅಕ್ರಾದಿಂದ 25-30 ಕಿಲೋಮೀಟರ್ ಪೂರ್ವಕ್ಕೆ, ಅಂದ್ರೆ ಮಳೆ ಬರುವ ದಿಕ್ಕಿಗೇ ನೀವು ಹೋಗುದು. ಮೋಟರ್‌ವೇ ಹತ್ತುವ ಮೊದಲು ಎದುರಿನ ಆಕಾಶ ಒಮ್ಮೆ ನೋಡಿ. ನೇರಳೆ ಬಣ್ಣ ಕಂಡ್ರೆ ಅಲ್ಲೇ ಯಾವುದಾದ್ರೂ ಅಂಗಡಿಗೆ ನುಗ್ಗಿ ಎರಡು ಕೆಂಕೆ ತಗೊಂಡು ಕೂತ್ಕೊಳ್ಳಿ, ಸೊನ್ನೆ ಗೆರೆ ಮಧ್ಯಾಹ್ನ ಮೇಲೂ ಅಲ್ಲೇ ಇರ್ತದೆ.